ಮುಳುಗುಕವಚ: ತಾಮ್ರದ ಟೊಪ್ಪಿಗೆಗೆ ಸಲ್ಲದ ಹೆಸರು

ಭಾನುವಾರದ ಪುರವಣಿಯೊಂದರಲ್ಲಿ ಮತ್ತೆ ಅದೇ ಚಿತ್ರ ಬಂದಿತ್ತು: ದುಂಡು ಗಾಜಿನ ಕಿಟಕಿಗಳಿರುವ ತಾಮ್ರದ ಟೊಪ್ಪಿಗೆ, ಅದರ ಕೆಳಗೆ ಸುಕ್ಕುಗಟ್ಟಿದ ಕ್ಯಾನ್ವಾಸಿನ ಉಡುಪು, ಕಾಲಿಗೆ ಸೀಸದ ಬೂಟು. ಚಿತ್ರದಡಿಯ ಒಕ್ಕಣೆ ‘ಆಳಸಮುದ್ರದ ಒತ್ತಡದಿಂದ ಮುಳುಗುಗಾರನನ್ನು ಕಾಪಾಡುತ್ತಿದ್ದ ಕವಚ’ ಎಂದಿತ್ತು. ಈ ವರ್ಷ ಇಂಥದ್ದು ನನ್ನ ಕಣ್ಣಿಗೆ ಬಿದ್ದದ್ದು ಇದು ನಾಲ್ಕನೆಯ ಸಲ. ಆ ಉಡುಪು ಮೈ ಒದ್ದೆಯಾಗದಂತೆ ನೋಡಿಕೊಳ್ಳುತ್ತಿತ್ತು, ಚಳಿಯನ್ನು ಒಂದಿಷ್ಟು ತಡೆಯುತ್ತಿತ್ತು, ಮೇಲಿನ ಪಂಪಿನಿಂದ ಉಸಿರಿಗೆ ಗಾಳಿ ತರಿಸುತ್ತಿತ್ತು. ಒತ್ತಡದಿಂದ ಮಾತ್ರ ಅದು ಕೂದಲೆಳೆಯಷ್ಟೂ ಕಾಪಾಡುತ್ತಿರಲಿಲ್ಲ.

ಲಂಡನ್ನಿನಲ್ಲಿ ನೆಲೆಸಿದ್ದ ಆಗಸ್ಟಸ್ ಸೀಬೆ 1830ರ ದಶಕದಲ್ಲಿ ರೂಪ ಕೊಟ್ಟ ಆ ಉಡುಪಿನೊಳಗಿನ ಗಾಳಿಯ ಒತ್ತಡ ಸುತ್ತಲಿನ ನೀರಿನ ಒತ್ತಡಕ್ಕೆ ಸಮನಾಗಿರಲೇಬೇಕಿತ್ತು. ಮೂವತ್ತು ಮೀಟರ್ ಆಳದಲ್ಲಿ ನಿಂತವನು ನಾವು ದಡದಲ್ಲಿ ಉಸಿರಾಡುವ ಗಾಳಿಯ ನಾಲ್ಕು ಪಟ್ಟು ಒತ್ತಡದ ಗಾಳಿಯನ್ನು ಎಳೆದುಕೊಳ್ಳುತ್ತಿದ್ದ. ಅದರ ಸಾರಜನಕ ರಕ್ತದಲ್ಲಿ ಕರಗುತ್ತಿತ್ತು. ಅವಸರದಲ್ಲಿ ಮೇಲೆ ಬಂದರೆ ಅದೇ ಸಾರಜನಕ ಗುಳ್ಳೆಯಾಗಿ ಕೀಲುಗಳನ್ನು ಹಿಂಡುತ್ತಿತ್ತು, ಕೆಲವೊಮ್ಮೆ ಜೀವವನ್ನೇ ತೆಗೆಯುತ್ತಿತ್ತು. (ಇಲ್ಲಿ ಸೋಡಾ ಬಾಟಲಿಯ ಹೋಲಿಕೆ ಕೊಡುವುದು ವಾಡಿಕೆ, ಓದುಗರು ಅದನ್ನು ಬೇಕಾದಷ್ಟು ಸಲ ಕೇಳಿರುವುದರಿಂದ ಬಿಟ್ಟಿದ್ದೇನೆ.) ಮುಳುಗುಕವಚ ಎಂಬ ಹೆಸರು ಸಲ್ಲುವುದು ಇದಕ್ಕೆ ತದ್ವಿರುದ್ಧವಾದ ಸಾಧನಕ್ಕೆ. ಅದರ ಗಟ್ಟಿ ಗೋಡೆಯೇ ನೀರಿನ ಭಾರವನ್ನೆಲ್ಲ ಹೊರುತ್ತದೆ, ಒಳಗಿನ ಗಾಳಿ ಕಡಲದಂಡೆಯ ಒತ್ತಡದಲ್ಲೇ ಉಳಿಯುತ್ತದೆ, ಒಳಗಿದ್ದವನು ಮುನ್ನೂರು ಮೀಟರ್ ಆಳದಿಂದಲೂ ನೇರವಾಗಿ ಮೇಲೆ ಬಂದು ಮುಚ್ಚಳ ತೆಗೆದು ಚಹಾ ಕುಡಿಯಬಹುದು. ಆದ್ದರಿಂದ ಉಡುಪು ಲೋಹದ್ದೋ ಬಟ್ಟೆಯದೋ ಎಂದು ನೋಡಿ ಹೆಸರಿಡುವುದು ಸರಿಯಲ್ಲ. ಒಳಗಿರುವವನ ಶ್ವಾಸಕೋಶದಲ್ಲಿ ಎಷ್ಟು ಒತ್ತಡವಿದೆ ಎಂದು ಕೇಳಬೇಕು.

ಇಂಗ್ಲಿಷಿನಲ್ಲಿ ಈ ಸಾಧನವನ್ನು ಅಟ್ಮಾಸ್ಫಿಯರಿಕ್ ಡೈವಿಂಗ್ ಸೂಟ್ ಎನ್ನುತ್ತಾರೆ. ಇದನ್ನು ‘ವಾತಾವರಣದ ಡೈವಿಂಗ್ ಸೂಟ್’ ಎಂದು ಕನ್ನಡಕ್ಕಿಳಿಸುವವರಿಗೆ ಆ ಪದಗುಚ್ಛದಿಂದ ಏನು ಅರ್ಥವಾಯಿತೆಂದು ಕೇಳಬೇಕೆನಿಸುತ್ತದೆ. ಅಲ್ಲಿ ಅಟ್ಮಾಸ್ಫಿಯರ್ ಎಂಬುದು ಒತ್ತಡದ ಅಳತೆ. ಒಳಗೆ ಒಂದು ಅಟ್ಮಾಸ್ಫಿಯರ್ ಒತ್ತಡವಿದೆ ಎಂದಷ್ಟೇ ಅದರ ತಾತ್ಪರ್ಯ. ‘ಒತ್ತಡದ ಉಡುಪು’ ಎಂಬ ಇನ್ನೊಂದು ಅನುವಾದ ಇದಕ್ಕಿಂತ ಕೆಟ್ಟದ್ದು, ಏಕೆಂದರೆ ಅದು ಗಗನಯಾತ್ರಿಯ ಉಡುಪಿಗೆ ಹೊಂದುವ ಮಾತು. ಗಗನಯಾತ್ರಿಯ ಉಡುಪಿನಲ್ಲಿ ಒಳಗಿನ ಒತ್ತಡ ಹೆಚ್ಚು, ಹೊರಗೆ ಏನೂ ಇಲ್ಲ. ಅದು ಉಬ್ಬಿ ಹೋಗದಂತೆ ನೋಡಿಕೊಳ್ಳುವುದೇ ಅಲ್ಲಿನ ಪಾಡು. ಮುಳುಗುಕವಚ ಜಜ್ಜಿ ಹೋಗದಂತೆ ನೋಡಿಕೊಳ್ಳಬೇಕು.

ಹೆಸರಿನ ಮಾತು ಬಂದಾಗ ಫ್ರೆಂಚರ ‘ಸ್ಕಾಫಾಂಡ್ರ್’ ಪದವನ್ನು ಬಿಡಲಾಗದು, ಏಕೆಂದರೆ ಪದವೊಂದು ದಾರಿ ತಪ್ಪುವುದಕ್ಕೆ ಇದಕ್ಕಿಂತ ಸೊಗಸಾದ ಉದಾಹರಣೆ ನನಗೆ ಸಿಕ್ಕಿಲ್ಲ. ಗ್ರೀಕ್ ಭಾಷೆಯಲ್ಲಿ ದೋಣಿ ಎಂಬರ್ಥದ ‘ಸ್ಕಾಫೆ’ ಮತ್ತು ಮನುಷ್ಯ ಎಂಬರ್ಥದ ‘ಆಂಡ್ರೋಸ್’ ಸೇರಿ ಆದ ಈ ಪದವನ್ನು ಅಬ್ಬೆ ದ ಲಾ ಶಾಪೆಲ್ ಎಂಬ ಪಾದ್ರಿ 1775ರ ತನ್ನ ಗ್ರಂಥದಲ್ಲಿ ಚಲಾವಣೆಗೆ ತಂದ. ಅವನ ಸ್ಕಾಫಾಂಡ್ರ್ ಬೆಂಡಿನಿಂದ ಮಾಡಿದ ಮೇಲಂಗಿ. ಅದನ್ನು ತೊಟ್ಟವನು ನೀರಿನ ಮೇಲೆ ತೇಲುತ್ತಾನೆ, ಅವನೇ ಒಂದು ದೋಣಿಯಾಗುತ್ತಾನೆ. ತೇಲಿಸುವುದಕ್ಕೆಂದು ಹುಟ್ಟಿದ ಆ ಹೆಸರು ಮುಂದಿನ ಶತಮಾನದಲ್ಲಿ ಮುಳುಗಿಸುವ ಉಡುಪಿಗೆ ಅಂಟಿತು, ರಷ್ಯನ್ ಭಾಷೆಗೆ ಹೋದಮೇಲೆ ಗಗನಯಾತ್ರಿಯ ಉಡುಪಿಗೂ ಅದೇ ಹೆಸರಾಯಿತು. ಜರ್ಮನರು ನಿಜವಾದ ಮುಳುಗುಕವಚವನ್ನು ‘ಪಾಂಜರ್‌ಟೌಖರ್’, ಅಂದರೆ ಕವಚಧಾರಿ ಮುಳುಗುಗಾರ, ಎಂದು ಕರೆದರು. ಆ ‘ಪಾಂಜರ್’ ಕೂಡ ಮೂಲದಲ್ಲಿ ಹೊಟ್ಟೆಯನ್ನು ಮುಚ್ಚುವ ಲೋಹದ ತುಂಡಿನ ಹೆಸರು. ಹೊಟ್ಟೆ ಎಂಬರ್ಥದ ಹಳೆಯ ಫ್ರೆಂಚ್ ಪದದಿಂದ ಬಂದದ್ದು.

ನಮ್ಮಲ್ಲಿ ಕವಚ ಎಂದೊಡನೆ ಕರ್ಣನ ನೆನಪಾಗುವುದು ಸಹಜ. ಆದರೆ ಈ ಸಾಧನಕ್ಕೆ ಅದಕ್ಕಿಂತ ಚೆನ್ನಾಗಿ ಒಪ್ಪುವ ಇನ್ನೊಂದು ಪದ ನಮ್ಮ ನಿಘಂಟಿನಲ್ಲೇ ಧೂಳು ಹಿಡಿದು ಕುಳಿತಿದೆ: ಜೋಡು. ಉತ್ತರ ಕರ್ನಾಟಕದವರಿಗೆ ಅದು ಕಾಲಿಗೆ ಮೆಟ್ಟುವಂಥದ್ದು, ಉಳಿದವರಿಗೆ ಜೊತೆ. ಹಳೆಯ ಕಾವ್ಯಗಳ ಯುದ್ಧವರ್ಣನೆಗಳಲ್ಲಿ ಮಾತ್ರ ವೀರರು ತಲೆಗೆ ಸೀಸಕವನ್ನೂ ಮೈಗೆ ಜೋಡನ್ನೂ ತೊಟ್ಟು ಹೊರಡುತ್ತಾರೆ. ಜೋಡಿಸು ಎಂಬ ಕ್ರಿಯಾಪದದ ನೆರಳು ಈ ಪದದ ಮೇಲಿರುವುದು ನನಗೆ ಇಷ್ಟ, ಏಕೆಂದರೆ ಮುಳುಗುಕವಚದ ಇತಿಹಾಸವೆಂದರೆ ತುಂಡುಗಳನ್ನು ಜೋಡಿಸುವ ಕೀಲಿನ ಇತಿಹಾಸ. ಗಟ್ಟಿಯಾದ ಡಬ್ಬಿಯನ್ನು ಯಾರು ಬೇಕಾದರೂ ಮಾಡಿಯಾರು. ಆ ಡಬ್ಬಿಯ ಮೊಣಕೈಯನ್ನು ನೀರಿನಡಿಯಲ್ಲಿ ಮಡಿಸುವುದಕ್ಕೆ ಇನ್ನೂರು ವರ್ಷಗಳಿಗೂ ಮಿಕ್ಕಿ ಹಿಡಿಯಿತು.

ಮೊದಲ ಡಬ್ಬಿ 1715ರದು. ಇಂಗ್ಲೆಂಡಿನ ಡೆವನ್ ಸೀಮೆಯ ಉಣ್ಣೆ ವ್ಯಾಪಾರಿ ಜಾನ್ ಲೆತ್‌ಬ್ರಿಜ್ ಸುಮಾರು ಆರಡಿ ಉದ್ದದ ಮರದ ಪೀಪಾಯಿ ಮಾಡಿಸಿ, ಅದರೊಳಗೆ ಬೋರಲು ಮಲಗಿ, ಗಾಜಿನ ಕಿಂಡಿಯೊಂದರಿಂದ ತಳವನ್ನು ನೋಡುತ್ತ, ಎರಡು ತೂತುಗಳಿಂದ ತೋಳುಗಳನ್ನು ಹೊರಗೆ ಚಾಚಿ ಕೆಲಸ ಮಾಡುತ್ತಿದ್ದ. ಗಾಳಿಯ ಕೊಳವೆ ಇರಲಿಲ್ಲ. ಒಳಗಿನ ಗಾಳಿ ಅರ್ಧ ಗಂಟೆಯ ಮೇಲೆ ಸ್ವಲ್ಪ ಹೊತ್ತು ಸಾಕಾಗುತ್ತಿತ್ತು, ಆಮೇಲೆ ಮೇಲಕ್ಕೆಳೆದು ತಿದಿಯಿಂದ ಹೊಸ ಗಾಳಿ ತುಂಬಬೇಕಿತ್ತು. ಹಾಗಿದ್ದೂ ಅವನು ಪೋರ್ಟೊ ಸ್ಯಾಂಟೊ ದ್ವೀಪದ ಬಳಿ ಮುಳುಗಿದ್ದ ಡಚ್ ಹಡಗಿನಿಂದ ಬೆಳ್ಳಿ ಎತ್ತಿದ. ಇದು ಕವಚವೇ? ಅವನ ಎದೆ ಹೊಟ್ಟೆಗಳ ಮಟ್ಟಿಗೆ ಹೌದು, ತೋಳುಗಳ ಮಟ್ಟಿಗೆ ಅಲ್ಲ. ಚರ್ಮದ ಪಟ್ಟಿಯಿಂದ ಬಿಗಿದ ತೋಳುಗಳ ಮೇಲೆ ನೀರಿನ ಪೂರ್ತಿ ಒತ್ತಡ, ಒಳಗಿನ ಭುಜದ ಮೇಲೆ ದಂಡೆಯ ಒತ್ತಡ. ಅರವತ್ತಡಿ ದಾಟಿ ಇಳಿದಾಗ ಅವನಿಗಾಗುತ್ತಿದ್ದ ಕಷ್ಟವನ್ನು ಊಹಿಸಿಕೊಳ್ಳಬಹುದು.

ತೋಳನ್ನೂ ಒಳಗೆ ಸೇರಿಸಿಕೊಳ್ಳೋಣವೆಂದರೆ ಕೀಲು ಬೇಕು. 1838ರಲ್ಲಿ ಟೇಲರ್ ಎಂಬವನೂ 1856ರಲ್ಲಿ ಲಾಡ್ನರ್ ಫಿಲಿಪ್ಸ್ ಎಂಬವನೂ ಕಾಗದದ ಮೇಲೆ ಅದನ್ನು ಬಿಡಿಸಿದರು. ಮಾರ್ಸೇಲ್ಸ್ ನಗರದ ಕಾರ್ಮಾನ್ಯೋಲ್ ಸೋದರರು 1882ರಲ್ಲಿ ಮಾಡಿಯೇ ತೋರಿಸಿದರು. ಪ್ಯಾರಿಸ್ಸಿನ ನೌಕಾ ಸಂಗ್ರಹಾಲಯದ ಸ್ವತ್ತಾಗಿರುವ ಆ ಕವಚದ ತಲೆಯ ಭಾಗದಲ್ಲಿ ಸಣ್ಣ ಸಣ್ಣ ಇಪ್ಪತ್ತೈದು ಗಾಜಿನ ಕಣ್ಣುಗಳಿವೆ. ಮೈಯಲ್ಲಿ ಇಪ್ಪತ್ತೆರಡು ಕೀಲುಗಳು. ತೂಕ 380 ಕಿಲೋ. ನೋಡಲು ಅದ್ಭುತ, ಕೆಲಸಕ್ಕೆ ನಿಷ್ಪ್ರಯೋಜಕ, ಏಕೆಂದರೆ ಅದರ ಕೀಲುಗಳು ಸೋರುವುದು ಎಂದೂ ಪೂರ್ತಿ ನಿಲ್ಲಲಿಲ್ಲ.

ಸೋರಿಕೆಯಾದರೂ ಕಣ್ಣಿಗೆ ಕಾಣುವ ತೊಂದರೆ. ಹದಿನೈದು ಸೆಂಟಿಮೀಟರ್ ಅಗಲದ ತೋಳಿನ ಕೀಲನ್ನು ನೂರು ಮೀಟರ್ ಆಳಕ್ಕೆ ಇಳಿಸಿದರೆ, ಪ್ರತಿ ಚದರ ಸೆಂಟಿಮೀಟರಿಗೆ ಹತ್ತು ಕಿಲೋ ಲೆಕ್ಕದಲ್ಲಿ, ನೀರು ಅದನ್ನು ಒಳಕ್ಕೆ ಒತ್ತುವ ಬಲ ಒಂದು ಮುಕ್ಕಾಲು ಟನ್ ದಾಟುತ್ತದೆ. ಗುಂಡು ಬಟ್ಟಲಿನಲ್ಲಿ ಕೂರುವಂಥ ಕೀಲಾದರೆ ಆ ಬಲ ಗುಂಡನ್ನು ಬಟ್ಟಲಿಗೆ ಅದುಮಿ ಹಿಡಿಯುತ್ತದೆ, ಒಳಗಿನವನು ಎಷ್ಟು ತಿಣುಕಿದರೂ ತೋಳು ಅಲುಗದು. ಇನ್ನು ಪುಂಗಿಯೂದುವ ಹಾವಾಡಿಗನ ಹಾವಿನಂತೆ ಬಳುಕುವ, ತಿದಿಯಂಥ ಮಡಿಕೆಯ ಕೀಲಾದರೆ, ಮಡಿಸಿದಾಗ ಅದರೊಳಗಿನ ಜಾಗ ಹಿಗ್ಗುವುದೋ ಕುಗ್ಗುವುದೋ ಆಗುತ್ತದೆ. ಜಾಗ ಕುಗ್ಗುವ ದಿಕ್ಕಿಗೆ ಸಮುದ್ರವೇ ಅದನ್ನು ಎಳೆದು ನಿಲ್ಲಿಸಿಬಿಡುತ್ತದೆ. ಒಳಗಿನ ಜಾಗ ಬದಲಾಗಬಾರದು, ತಿಕ್ಕಾಟ ಹೆಚ್ಚಬಾರದು, ನೀರು ಸೋರಬಾರದು ಎಂಬ ಮೂರೂ ಷರತ್ತುಗಳನ್ನು ಒಂದೇ ಕೀಲು ಪಾಲಿಸಬೇಕು.

ಜರ್ಮನಿಯ ಕೀಲ್ ನಗರದ (ಹೆಸರಿನ ಕಾಕತಾಳೀಯವನ್ನು ಕನ್ನಡಿಗರು ಮಾತ್ರ ಸವಿಯಬಲ್ಲರು) ನಾಯ್‌ಫೆಲ್ಟ್ ಮತ್ತು ಕೂನ್ಕೆ ಸಂಸ್ಥೆ 1920ರ ದಶಕದಲ್ಲಿ ಗುಂಡು-ಬಟ್ಟಲಿನ ಕೀಲನ್ನೇ ಸುಧಾರಿಸಿ, ನೂರೈವತ್ತು ಮೀಟರಿನ ಆಸುಪಾಸಿನಲ್ಲಿ ತಡೆಯುವ ಕವಚಗಳನ್ನು ಮಾಡಿತು. ಅವುಗಳ ದೊಡ್ಡ ಪರೀಕ್ಷೆ ನಡೆದದ್ದು ಮುಂಬಯಿಗೆ ಬರಬೇಕಿದ್ದ ಹಡಗೊಂದರ ಮೇಲೆ. ‘ಈಜಿಪ್ಟ್’ ಎಂಬ ಆ ಹಡಗು ಹತ್ತು ಲಕ್ಷ ಪೌಂಡಿಗೂ ಮಿಕ್ಕ ಬೆಲೆಯ ಚಿನ್ನ ಬೆಳ್ಳಿಯೊಂದಿಗೆ 1922ರ ಮೇ 20ರಂದು ಫ್ರಾನ್ಸಿನ ಕರಾವಳಿಯಾಚೆ ಮಂಜಿನಲ್ಲಿ ಡಿಕ್ಕಿಯಾಗಿ ಸುಮಾರು 130 ಮೀಟರ್ ಆಳಕ್ಕೆ ಮುಳುಗಿತ್ತು. ಇಟಲಿಯ ‘ಆರ್ಟಿಲಿಯೊ’ ಹಡಗಿನ ತಂಡ ಈ ಕವಚಗಳನ್ನು ಹಿಡಿದು ಹೊರಟಿತಾದರೂ, ಕೈಕಾಲುಗಳು ಅಲ್ಲಿ ಉಪಕಾರಕ್ಕಿಂತ ಉಪದ್ರವವೇ ಎಂದು ಕಂಡುಕೊಂಡು, ಕೈಕಾಲುಗಳೇ ಇಲ್ಲದ ಉಕ್ಕಿನ ಕೋಶದಲ್ಲಿ ಒಬ್ಬನನ್ನು ಇಳಿಸಿ, ಅವನು ಟೆಲಿಫೋನಿನಲ್ಲಿ ಹೇಳಿದಂತೆ ಮೇಲಿನವರು ಸರಕನ್ನು ಬಾಚಿ ಹಿಡಿದೆತ್ತುವ ಕಬ್ಬಿಣದ ಬಾಚಣಿಗಳನ್ನು ಆಡಿಸುವ ಉಪಾಯಕ್ಕೆ ತಿರುಗಿತು. 1932ರ ಜೂನಿನಲ್ಲಿ ಚಿನ್ನ ಮೇಲೆ ಬಂತು. ಅದರೊಡನೆ ಹೈದರಾಬಾದಿನ ನಿಜಾಮ ಸರ್ಕಾರಕ್ಕೆಂದು ಅಚ್ಚಾದ ನೋಟುಗಳ ಒದ್ದೆ ಕಟ್ಟುಗಳೂ ಬಂದವು. ಬೀದರ, ಕಲಬುರಗಿ, ರಾಯಚೂರುಗಳೂ ಆಗ ನಿಜಾಮನ ಸೀಮೆಗೇ ಸೇರಿದ್ದವು. ಈ ಪ್ರಸಂಗವನ್ನು ಬರೆಯುವವರು ಚಿನ್ನ ಎತ್ತಿದ್ದು ಕವಚವೇ ಎಂದು ಬರೆಯುತ್ತಾರೆ. ಎತ್ತಿದ್ದು ಬಾಚಣಿ, ದಾರಿ ತೋರಿಸಿದ್ದು ಕೋಶ. ಕೈಕಾಲಿಲ್ಲದ್ದನ್ನು ಕವಚವೆನ್ನುವುದಾದರೆ ಜಲಾಂತರ್ಗಾಮಿಯೂ ಕವಚವೇ ಆದೀತು.

ಕೀಲಿನ ಒಗಟನ್ನು ಬಿಡಿಸಿದವನು ಬ್ರಿಟನ್ನಿನ ಜೋಸೆಫ್ ಪೆರೆಸ್. ಕೀಲಿನ ಎರಡು ಲೋಹದ ಭಾಗಗಳ ನಡುವೆ ದ್ರವದ ತೆಳು ಮೆತ್ತೆಯೊಂದನ್ನು ಸೆರೆಹಿಡಿದು, ಸಮುದ್ರದ ಭಾರವನ್ನು ಆ ದ್ರವವೇ ಹೊರುವಂತೆ ಮಾಡಿದ. ಲೋಹ ಲೋಹಕ್ಕೆ ಉಜ್ಜದೆ ತೋಳು ಆಡಿತು. 1930ರಲ್ಲಿ ಅವನ ‘ಟ್ರೈಟೋನಿಯಾ’ ಕವಚವನ್ನು ತೊಟ್ಟು ಜಿಮ್ ಜ್ಯಾರೆಟ್ ಎಂಬ ಮುಳುಗುಗಾರ ಲಾಕ್ ನೆಸ್ ಸರೋವರದಲ್ಲಿ 123 ಮೀಟರ್ ಇಳಿದ, 1935ರಲ್ಲಿ ಐರ್ಲೆಂಡಿನ ಬಳಿ ಮುಳುಗಿದ್ದ ‘ಲೂಸಿಟೇನಿಯಾ’ ಹಡಗಿನ ಮೇಲೆ ನಡೆದಾಡಿದ. ಬ್ರಿಟಿಷ್ ನೌಕಾಪಡೆ ಮಾತ್ರ ತನ್ನವರು ಅಷ್ಟು ಆಳಕ್ಕೆ ಇಳಿಯುವ ಅಗತ್ಯವೇ ಇಲ್ಲವೆಂದು ಅದನ್ನು ಒಲ್ಲೆನೆಂದಿತು. ಉಗ್ರಾಣದಲ್ಲಿ ಮೂಲೆ ಸೇರಿದ್ದ ಟ್ರೈಟೋನಿಯಾವನ್ನು 1960ರ ದಶಕದಲ್ಲಿ ಹುಡುಕಿ ತೆಗೆದು, ಕಡಲ ತೈಲಬಾವಿಗಳ ಕೆಲಸಕ್ಕೆಂದು ಅದೇ ತತ್ತ್ವದ ಮೇಲೆ ಮ್ಯಾಗ್ನೀಸಿಯಂ ಮಿಶ್ರಲೋಹದ ಹೊಸ ಕವಚ ಮಾಡಿದರು. ಅದರ ಹೆಸರು ‘ಜಿಮ್’. ಇಂಗ್ಲಿಷಿನಲ್ಲಿ JIM ಎಂದು ದೊಡ್ಡಕ್ಷರಗಳಲ್ಲಿ ಬರೆದದ್ದನ್ನು ಕಂಡು ಇದು ಯಾವುದೋ ಮೂರು ಪದಗಳ ಸಂಕ್ಷಿಪ್ತರೂಪವೆಂದು ಬಗೆದು ವಿಸ್ತರಿಸಲು ಹೊರಡುವವರು ದಯವಿಟ್ಟು ನಿಲ್ಲಿಸಬೇಕು. ಅದು ಜ್ಯಾರೆಟ್‌ನ ಹೆಸರು, ಅಷ್ಟೇ. ಆ ಕವಚದಲ್ಲಿ 1976ರಲ್ಲಿ ಆರ್ಕ್‌ಟಿಕ್ ಹಿಮಗಡ್ಡೆಯ ತೂತಿನಿಂದ ಇಳಿದು 275 ಮೀಟರ್ ಆಳದಲ್ಲಿ ಒಂದು ನಿಮಿಷ ಕಡಿಮೆ ಆರು ಗಂಟೆ ಕೆಲಸ ಮಾಡಲಾಯಿತು. 1979ರಲ್ಲಿ ವಿಜ್ಞಾನಿ ಸಿಲ್ವಿಯಾ ಅರ್ಲ್ ಹವಾಯಿಯ ಬಳಿ 381 ಮೀಟರ್ ಆಳದ ತಳದಲ್ಲಿ ನಡೆದಾಡಿದರು.

ಮುಂದೆ ಕೆನಡಾದ ಫಿಲ್ ನ್ಯೂಟನ್ ತಿರುಗುವ ಕೀಲನ್ನು ರೂಪಿಸಿ ‘ನ್ಯೂಟ್‌ಸೂಟ್’ ಮಾಡಿದರು. ಅಂಗೈ ಮಾತ್ರ ಇಲ್ಲೂ ಸಾಧ್ಯವಾಗಲಿಲ್ಲ. ತೋಳಿನ ತುದಿಯಲ್ಲಿ ಇಂದಿಗೂ ಇಕ್ಕಳವೇ ಇದೆ. ಅಮೆರಿಕ-ಕೆನಡಾ ಗಡಿಯ ಸುಪೀರಿಯರ್ ಸರೋವರದಲ್ಲಿ ಮುಳುಗಿದ ‘ಎಡ್ಮಂಡ್ ಫಿಟ್ಜೆರಾಲ್ಡ್’ ಹಡಗಿನ ಗಂಟೆಯನ್ನು 1995ರ ಜುಲೈಯಲ್ಲಿ ಸುಮಾರು 160 ಮೀಟರ್ ಆಳದಿಂದ ಬಿಡಿಸಿ ತಂದದ್ದು ಇದೇ ಕವಚ ತೊಟ್ಟವನು. ಮೇಲೆ ಬರಲು ಅವನು ದಾರಿಯಲ್ಲಿ ಎಲ್ಲೂ ಕಾಯಬೇಕಾಗಿರಲಿಲ್ಲ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಇಬ್ಬರು ಮುಳುಗುಗಾರರು ಮಾಮೂಲಿ ಉಡುಪಿನಲ್ಲಿ, ಬೆನ್ನಿಗೆ ಅನಿಲ ಮಿಶ್ರಣದ ಸಿಲಿಂಡರುಗಳನ್ನು ಕಟ್ಟಿಕೊಂಡು, ಅದೇ ಹಡಗಿಗೆ ಇಳಿದು ಅದನ್ನು ಕೈಯಿಂದಲೇ ಮುಟ್ಟಿ ಬಂದರು. ತಳದಲ್ಲಿ ಅವರಿಗೆ ಸಿಕ್ಕದ್ದು ಕೆಲವೇ ನಿಮಿಷ. ಮೇಲೆ ಬರುವ ದಾರಿಯಲ್ಲಿ ಗಂಟೆಗಟ್ಟಲೆ ತಡೆತಡೆದು ಬರಬೇಕಾಯಿತು.