ಪಿನ್ ಒತ್ತಿದರೂ ತೆರೆಯದ ಫೋಲ್ಡರ್

ಪ್ರಶ್ನೆ: ತೀರ್ಥಹಳ್ಳಿಯಲ್ಲಿ ನಮ್ಮದು ಅಡಿಕೆ ಮಂಡಿ. ಒಳಕೋಣೆಯ ಕಂಪ್ಯೂಟರಿನಲ್ಲಿ ಲೆಕ್ಕದ ಫೋಲ್ಡರ್ ಇದೆ. ಮುಂದಿನ ಗಲ್ಲಾದ ಕಂಪ್ಯೂಟರಿನಲ್ಲಿ ಅದನ್ನೇ ತೆರೆದು ಪಟ್ಟಿ ಬರೆಯುತ್ತಿದ್ದೆವು. ಕಳೆದ ವಾರ ಒಳಗಿನದನ್ನು ವಿಂಡೋಸ್ 10ರಿಂದ 11 ಪ್ರೊಗೆ ಏರಿಸಿದೆವು. ಅವತ್ತಿನಿಂದ ಮುಂದಿನದು ಯೂಸರ್ ನೇಮ್, ಪಾಸ್‌ವರ್ಡ್ ಕೇಳುತ್ತಿದೆ. ಮೊದಲು ಯಾವತ್ತೂ ಕೇಳಿದ್ದಿಲ್ಲ. ಪಿನ್ ಹಾಕಿದರೆ ತಪ್ಪು ಅನ್ನುತ್ತದೆ. ಹುಡುಗರು ಪೆನ್‌ಡ್ರೈವ್ ಹಿಡಿದು ಓಡಾಡುತ್ತಿದ್ದಾರೆ. ಏನು ಮಾಡೋಣ?

ಉತ್ತರ: ಲೆಕ್ಕ ಎಲ್ಲೂ ಹೋಗಿಲ್ಲ, ಕಂಪ್ಯೂಟರೂ ಕೆಟ್ಟಿಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದ ಮೇಲೆ ಶಿವಮೊಗ್ಗದ ನನ್ನ ಅಂಗಡಿಗೆ ಬರುವ ಫೋನುಗಳಲ್ಲಿ ಹೆಚ್ಚಿನವು ಇದೇ ದೂರಿನವು. ಪ್ರೆಸ್ಸಿನವರು, ಸೊಸೈಟಿಯವರು, ಮಂಡಿಯವರು ಎಲ್ಲರ ಬಾಯಲ್ಲೂ ಒಂದೇ ಮಾತು: ‘ನಿನ್ನೆವರೆಗೆ ಬರ್ತಿತ್ತು ಮಾರಾಯ್ರೆ.’

ಮೊದಲು ಪಿನ್ನಿನ ವಿಷಯ. ಆ ನಾಲ್ಕು ಅಂಕಿ ಆ ಒಂದು ಪೆಟ್ಟಿಗೆಯ ಮುಂದೆ ಕೂತವರಿಗೆ ಮಾತ್ರ. ನೆಟ್‌ವರ್ಕಿನ ಮೇಲೆ ಬೇರೆ ಕಂಪ್ಯೂಟರಿನಿಂದ ಬರುವವರಿಗೆ ಅದು ನಡೆಯುವುದಿಲ್ಲ, ಅಲ್ಲಿ ಅಸಲಿ ಪಾಸ್‌ವರ್ಡೇ ಬೇಕು. ಪಾಸ್‌ವರ್ಡ್ ಖಾಲಿ ಬಿಟ್ಟ ಅಕೌಂಟನ್ನೂ ವಿಂಡೋಸ್ ನೆಟ್‌ವರ್ಕಿನಿಂದ ಒಳಗೆ ಬಿಡುವುದಿಲ್ಲ. ಪಿನ್ ಸರಿಯಾಗಿಯೇ ಒತ್ತಿದ್ದೇನೆ ಎಂದು ಹತ್ತು ಸಲ ಒತ್ತಿ ಉಪಯೋಗವಿಲ್ಲ.

ಹಾಗಾದರೆ ಇಷ್ಟು ವರ್ಷ ಹೇಗೆ ಬರುತ್ತಿತ್ತು? ಗೆಸ್ಟ್ ಆಗಿ. ನಮ್ಮ ಕಡೆ ಹಳೇ ಮನೆಗಳಲ್ಲಿ ಉಣಗೋಲು ಸರಿಸಿಕೊಂಡು ಯಾರು ಬೇಕಾದರೂ ಜಗಲಿಗೆ ಬಂದು ಕೂರುತ್ತಿದ್ದರಲ್ಲ, ಹಾಗೆ. ನಿಮಗೆ ಕಂಪ್ಯೂಟರ್ ಹಾಕಿಕೊಟ್ಟವರು ಶೇರಿಂಗ್ ಸೆಟ್ಟಿಂಗಿನಲ್ಲಿ ಪಾಸ್‌ವರ್ಡ್ ಕೇಳುವುದನ್ನು ಆಫ್ ಮಾಡಿ ಹೋಗಿರುತ್ತಾರೆ. ನಾನೂ ಎಷ್ಟೋ ಕಡೆ ಹಾಗೆ ಮಾಡಿದ್ದೇನೆ, ಸುಳ್ಳು ಹೇಳುವುದಿಲ್ಲ. 2024ರ ಅಕ್ಟೋಬರಿನಲ್ಲಿ ಬಂದ 24ಎಚ್2 ಎಂಬ ಆವೃತ್ತಿಯಿಂದ ವಿಂಡೋಸ್ 11 ಪ್ರೊ ಈ ದಾರಿ ಮುಚ್ಚಿತು. ಕಂಪ್ಯೂಟರುಗಳ ನಡುವೆ ಹೋಗಿಬರುವ ಪ್ರತಿ ತುಂಡು ಮಾಹಿತಿಗೂ ಈಗ ಅದು ಮೊಹರು ಕೇಳುತ್ತದೆ. ಮೊಹರು ಒತ್ತುವ ಕೀಲಿ ಹುಟ್ಟುವುದು ಪಾಸ್‌ವರ್ಡ್ ಹಾಕಿ ಒಳಗೆ ಬಂದಾಗ. ಗೆಸ್ಟಿಗೆ ಪಾಸ್‌ವರ್ಡೇ ಇಲ್ಲ, ಮೊಹರು ಎಲ್ಲಿಂದ ಬರಬೇಕು?

ವಿಂಡೋಸಿನ ಒಳಸೆಟ್ಟಿಂಗುಗಳ ಪಟ್ಟಿಯಾದ ರಿಜಿಸ್ಟ್ರಿಯಲ್ಲಿ ಒಂದು ಸಾಲು ತಿದ್ದಿ ಗೆಸ್ಟನ್ನು ವಾಪಸು ತರುವ ವಿಡಿಯೊಗಳು ಬೇಕಾದಷ್ಟಿವೆ. ಮಾಡಬೇಡಿ. ಬೆಳೆಗಾರರ ಬ್ಯಾಂಕ್ ಖಾತೆ ನಂಬರು, ಮುಂಗಡದ ಲೆಕ್ಕ ಎಲ್ಲ ಇರುವ ಫೋಲ್ಡರ್ ಅದು. ನಿಮ್ಮ ವೈಫೈ ಪಾಸ್‌ವರ್ಡ್ ಗೊತ್ತಿದ್ದವರೆಲ್ಲ ಅದನ್ನು ತೆರೆದು ನೋಡಬಹುದಾಗಿತ್ತು ಎಂಬುದೇ ದೊಡ್ಡ ತಪ್ಪಾಗಿತ್ತು.

ಬದಲಿಗೆ ಒಳಗಿನ ಕಂಪ್ಯೂಟರಿನಲ್ಲಿ ಗಲ್ಲಾದವರಿಗೆಂದೇ ಒಂದು ಅಕೌಂಟ್ ಮಾಡಿ. ಸೆಟ್ಟಿಂಗ್ಸ್, ಅಕೌಂಟ್ಸ್, ಅದರ್ ಯೂಸರ್ಸ್, ಆಡ್ ಅಕೌಂಟ್. ಅದು ಈಮೇಲ್ ಕೇಳುತ್ತದೆ, ಕೊಡಬೇಡಿ. ಈ ವ್ಯಕ್ತಿಯ ವಿವರ ನನ್ನಲ್ಲಿಲ್ಲ ಎಂಬ ಅರ್ಥದ ಸಣ್ಣ ಅಕ್ಷರದ ಸಾಲೊಂದು ಕೆಳಗಿರುತ್ತದೆ. ಅದನ್ನು ಒತ್ತಿ, ಮುಂದಿನ ಪುಟದಲ್ಲಿ ಮೈಕ್ರೋಸಾಫ್ಟ್ ಅಕೌಂಟ್ ಇಲ್ಲದೆ ಸೇರಿಸುವುದನ್ನು ಆರಿಸಿ. ಹೆಸರು ‘ಗಲ್ಲಾ’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಇಟ್ಟರೆ ಸಾಕು, ಜೊತೆಗೊಂದು ಗಟ್ಟಿ ಪಾಸ್‌ವರ್ಡ್. ಯಜಮಾನರ ಈಮೇಲ್ ಮತ್ತು ಅದರ ಪಾಸ್‌ವರ್ಡ್ ಹಾಕಿದರೂ ಫೋಲ್ಡರ್ ತೆರೆಯುತ್ತದೆ ನಿಜ, ಆದರೆ ಅದನ್ನು ಗಲ್ಲಾದ ಹುಡುಗರ ಕೈಗೆ ಕೊಡುತ್ತೀರಾ?

ಆಮೇಲೆ ಲೆಕ್ಕದ ಫೋಲ್ಡರಿನ ಮೇಲೆ ಬಲಗುಂಡಿ ಒತ್ತಿ ಪ್ರಾಪರ್ಟೀಸ್, ಅದರಲ್ಲಿ ಶೇರಿಂಗ್, ಅಲ್ಲಿ ಬರೀ ‘ಶೇರ್’ ಎಂದಿರುವ ಗುಂಡಿ. ಪಟ್ಟಿಯಿಂದ ಗಲ್ಲಾ ಆರಿಸಿ ರೀಡ್ ರೈಟ್ ಕೊಡಿ. ಕೆಳಗಿನ ಅಡ್ವಾನ್ಸ್‌ಡ್ ಶೇರಿಂಗ್ ಗುಂಡಿಗೆ ಹೋದರೆ ಅಲ್ಲಿ ಕೊಟ್ಟ ಅನುಮತಿ ನೆಟ್‌ವರ್ಕಿನ ಬಾಗಿಲಿಗೆ ಮಾತ್ರ. ಫೋಲ್ಡರಿಗೆ ಅದರದ್ದೇ ಇನ್ನೊಂದು ಬೀಗ ಇದೆ, ಸೆಕ್ಯುರಿಟಿ ಎಂಬ ಕಡೆ. ಅದನ್ನು ಮರೆತರೆ ‘ಆಕ್ಸೆಸ್ ಡಿನೈಡ್’. ಮೇಲಿನ ಗುಂಡಿ ಎರಡೂ ಬೀಗವನ್ನು ಒಟ್ಟಿಗೆ ತೆಗೆಯುತ್ತದೆ. ಇನ್ನೊಂದು, ಲೆಕ್ಕದ ಫೋಲ್ಡರ್ ಡೆಸ್ಕ್‌ಟಾಪಿನ ಮೇಲಿದ್ದರೆ ಡಿ ಡ್ರೈವಿಗೆ ಸಾಗಿಸಿ ಆಮೇಲೆ ಶೇರ್ ಮಾಡಿ. ಮೈಕ್ರೋಸಾಫ್ಟಿನ ಆನ್‌ಲೈನ್ ಉಗ್ರಾಣವಾದ ಒನ್‌ಡ್ರೈವಿನ ಬ್ಯಾಕಪ್ ಶುರುವಾದರೆ ಇಡೀ ಡೆಸ್ಕ್‌ಟಾಪನ್ನೇ ತನ್ನ ಹೊಟ್ಟೆಯೊಳಗೆ ಹಾಕಿಕೊಳ್ಳುತ್ತದೆ, ಫೋಲ್ಡರಿನ ವಿಳಾಸವೇ ಬದಲಾಗುತ್ತದೆ.

ಇನ್ನು ಮುಂದಿನ ಕಂಪ್ಯೂಟರಿಗೆ ಬನ್ನಿ. ಕಂಟ್ರೋಲ್ ಪ್ಯಾನೆಲಿನಲ್ಲಿ ಕ್ರೆಡೆನ್ಶಿಯಲ್ ಮ್ಯಾನೇಜರ್ ತೆರೆದು, ವಿಂಡೋಸ್ ಕ್ರೆಡೆನ್ಶಿಯಲ್ಸ್ ಅಡಿಯಲ್ಲಿ ಒಳಗಿನ ಕಂಪ್ಯೂಟರಿನ ಹೆಸರಿನ ಹಳೇ ನಮೂದಿದ್ದರೆ ಅಳಿಸಿ. ಹೊಸದು ಸೇರಿಸುವಾಗ ಯೂಸರ್ ನೇಮ್ ಜಾಗದಲ್ಲಿ ಮೊದಲು ಒಳಗಿನ ಕಂಪ್ಯೂಟರಿನ ಹೆಸರು, ನಂತರ ಹಿಂದಕ್ಕೆ ವಾಲಿದ ಒಂದು ಗೀಟು (\), ನಂತರ ಗಲ್ಲಾ. ಬರೀ ಗಲ್ಲಾ ಎಂದು ಬರೆದು ಸಿಕ್ಕಿಹಾಕಿಕೊಂಡವರನ್ನು ಕಂಡಿದ್ದೇನೆ. ಒಮ್ಮೆ ರೀಸ್ಟಾರ್ಟ್ ಮಾಡಿ.

ನಿಮಗೆ ಪಾಸ್‌ವರ್ಡ್ ಕೇಳುತ್ತಿದೆ ಎಂದರೆ ಎರಡೂ ಕಂಪ್ಯೂಟರಿಗೆ ಪರಸ್ಪರ ದಾರಿ ಇದೆ, ಅದು ಒಳ್ಳೆಯ ಲಕ್ಷಣ. ಕೆಲವರಿಗೆ ಅದೂ ಬರುವುದಿಲ್ಲ, ನೆಟ್‌ವರ್ಕ್ ಪಾತ್ ಸಿಗಲಿಲ್ಲ ಎಂದು 80070035ರಲ್ಲಿ ಮುಗಿಯುವ ಸಂಖ್ಯೆ ತೋರಿಸುತ್ತದೆ. ಅಂಥವರು ಫೋಲ್ಡರ್ ಇರುವ ಕಂಪ್ಯೂಟರಿನ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ‘ಪಬ್ಲಿಕ್’ ಎಂದಿದೆಯೇ ನೋಡಿ ‘ಪ್ರೈವೇಟ್’ ಮಾಡಬೇಕು. ಪಬ್ಲಿಕ್ ಎಂದರೆ ಬಸ್ ಸ್ಟ್ಯಾಂಡಿನ ವೈಫೈ ಎಂದೇ ಅದರ ಲೆಕ್ಕ, ಯಾರಿಗೂ ಮುಖ ತೋರಿಸುವುದಿಲ್ಲ. ಬೇರೆ ಆಂಟಿವೈರಸ್ ಹಾಕಿದ್ದರೆ ಅದರ ಫೈರ್‌ವಾಲ್ ಕೂಡ ನೋಡಿ. ಸಾಗರದ ಒಂದು ಅಂಗಡಿಯಲ್ಲಿ ನಾನು ಎರಡು ಗಂಟೆ ಫೈರ್‌ವಾಲ್ ಜಾಲಾಡಿದೆ. ಕಾಫಿ ತಂದುಕೊಟ್ಟ ಹುಡುಗಿ ‘ಅಣ್ಣ, ಒಳಗಿನದು ನಿದ್ದೆಗೆ ಹೋಗಿದೆಯಲ್ಲ’ ಅಂದಳು. ಹೋಗಿ ನೋಡಿದರೆ ಪರದೆಯಷ್ಟೇ ಅಲ್ಲ, ಇಡೀ ಕಂಪ್ಯೂಟರೇ ಸ್ಲೀಪಿನಲ್ಲಿತ್ತು. ಸ್ಲೀಪ್ ಸಮಯವನ್ನು ‘ನೆವರ್’ ಮಾಡಿ ಬಂದೆ. ದುಡ್ಡು ಕೇಳಲು ನಾಚಿಕೆಯಾಯಿತು.

ಮಳೆಗಾಲದಲ್ಲಿ ಮಾತ್ರ ಕಾಡುವ ಒಂದು ತೊಂದರೆಯನ್ನೂ ಹೇಳಿಬಿಡುತ್ತೇನೆ. ಡೆಸ್ಕ್‌ಟಾಪಿನ ಶಾರ್ಟ್‌ಕಟ್ಟಿನಲ್ಲಿ ಕಂಪ್ಯೂಟರಿನ ಹೆಸರಿಗೆ ಬದಲು 192.168ರಿಂದ ಶುರುವಾಗುವ ನಂಬರು ಹಾಕಿದ್ದರೆ ಅದನ್ನು ತೆಗೆಯಿರಿ. ಕರೆಂಟು ಹೋಗಿ ರೌಟರ್ ಮತ್ತೆ ಎದ್ದಾಗ ಅದು ಬೇರೆ ನಂಬರು ಹಂಚಬಹುದು. ಜುಲೈನಲ್ಲಿ ದಿನಕ್ಕೆ ಎಷ್ಟು ಸಲ ಕರೆಂಟು ಹೋಗುತ್ತದೆ ಎಂದು ತೀರ್ಥಹಳ್ಳಿಯವರಿಗೆ ನಾನು ಹೇಳಬೇಕಾಗಿಲ್ಲ. ಹೆಸರು ಬಳಸಿ, ಇಲ್ಲವೇ ರೌಟರಿನಲ್ಲಿ ಆ ಕಂಪ್ಯೂಟರಿಗೆ ಒಂದೇ ನಂಬರು ಕಾಯ್ದಿರಿಸಿ.

ಮಂಡಿಯಲ್ಲಿ ಹಳೇ ಜೆರಾಕ್ಸ್ ಮೆಷಿನ್ ಇದ್ದು, ಸ್ಕ್ಯಾನ್ ಮಾಡಿದ್ದು ಫೋಲ್ಡರಿಗೆ ಬೀಳುವುದು ನಿಂತಿದ್ದರೆ ಅದರ ಕತೆ ಬೇರೆ. ಅದು ಮಾತಾಡುವುದು ನೆಟ್‌ವರ್ಕಿನಲ್ಲಿ ಫೈಲು ಹಂಚುವ ಎಸ್‌ಎಂಬಿ 1 ಎಂಬ ಮುದಿ ಭಾಷೆ ಇರಬಹುದು. 2017ರ ಮೇ ತಿಂಗಳಲ್ಲಿ ಫೈಲುಗಳಿಗೆ ಬೀಗ ಜಡಿದು ದುಡ್ಡು ಕೇಳುವ ವಾನಾಕ್ರೈ ಎಂಬ ಪಿಡುಗು ಜಗತ್ತಿನ ತುಂಬ ಕಂಪ್ಯೂಟರುಗಳಿಗೆ ಹಬ್ಬಿದ್ದು ಅದರ ತೂತಿನಿಂದಲೇ. ಅದೇ ವರ್ಷದ ಕೊನೆಯಿಂದ ವಿಂಡೋಸ್ ಅದನ್ನು ಹೊಸ ಕಂಪ್ಯೂಟರುಗಳಲ್ಲಿ ಹಾಕುವುದನ್ನೇ ಬಿಟ್ಟಿತು. ಯಾರಾದರೂ ಆನ್ ಮಾಡಿಕೊಡುತ್ತೇನೆ ಎಂದರೆ ಬೇಡ ಅನ್ನಿ. ಸ್ಕ್ಯಾನನ್ನು ಈಮೇಲಿಗೆ ಕಳಿಸುವ ಸೌಲಭ್ಯ ಆ ಮೆಷಿನ್ನಿನಲ್ಲಿದ್ದರೆ ಅದನ್ನು ಹಚ್ಚಿಸಿಕೊಳ್ಳಿ, ಇಲ್ಲವಾದರೆ ಪೆನ್‌ಡ್ರೈವನ್ನು ಆ ಮೆಷಿನ್ನಿಗೊಂದಕ್ಕೆ ಬಿಟ್ಟುಕೊಡಿ.