ಕೋವಿ ಬಂದ ಮೇಲೂ ಕತೆಗಳಲ್ಲಿ ಕತ್ತಿ ಉಳಿದದ್ದು ಹೇಗೆ?

ಇಟಲಿಯ ಕವಿ ಲುಡೊವಿಕೊ ಅರಿಯೊಸ್ತೊ 'ಒರ್ಲಾಂಡೊ ಫ್ಯೂರಿಯೊಸೊ' ಕಾವ್ಯವನ್ನು ಮೊದಲು ಪ್ರಕಟಿಸಿದ್ದು 1516ರಲ್ಲಿ. ಅದನ್ನು ತಿದ್ದಿ, ಹಿಗ್ಗಿಸಿ, ಕೊನೆಯ ರೂಪ ಕೊಟ್ಟದ್ದು 1532ರಲ್ಲಿ. ಈ ಕೊನೆಯ ರೂಪದಲ್ಲಿ ಹೊಸದಾಗಿ ಸೇರಿದ ಪ್ರಸಂಗವೊಂದರಲ್ಲಿ ಫ್ರಿಸಿಯಾದ ದೊರೆ ಚಿಮೊಸ್ಕೊ ಕಬ್ಬಿಣದ ಟೊಳ್ಳು ಕೊಳವೆಗೆ ಮದ್ದು ತುಂಬಿ ದೂರದಿಂದಲೇ ವೀರರನ್ನು ಕೆಡಹುತ್ತಾನೆ. ಅವನನ್ನು ಕೊಂದ ಒರ್ಲಾಂಡೊ ಆ ಕೋವಿಯನ್ನು ಹಡಗಿನಲ್ಲಿ ನಡುಗಡಲಿಗೆ ಒಯ್ದು, ಇನ್ನು ಯಾವ ಹೇಡಿಯೂ ಇದರ ಬಲದಿಂದ ವೀರನ ಸಮಾನನೆನಿಸಿಕೊಳ್ಳಬಾರದೆಂದು ಶಪಿಸಿ ನೀರಿಗೆಸೆಯುತ್ತಾನೆ. ಎರಡು ರೂಪಗಳ ನಡುವೆ, 1525ರಲ್ಲಿ, ಪಾವಿಯಾದ ಕದನ ನಡೆದಿತ್ತು. ಫ್ರಾನ್ಸಿನ ಕವಚಧಾರಿ ಸವಾರರು ಸ್ಪೇನ್ ಪಕ್ಷದ ಕೋವಿಗಾರರ ಗುಂಡಿಗೆ ಬಿದ್ದು, ದೊರೆ ಒಂದನೆಯ ಫ್ರಾನ್ಸಿಸ್ ಸೆರೆಸಿಕ್ಕಿದ್ದ. ಅರಿಯೊಸ್ತೊನಿಗೆ ಆಶ್ರಯವಿತ್ತ ಫೆರಾರದ ಡ್ಯೂಕ್ ಅಲ್ಫೊನ್ಸೊ ಕೂಡ ಫಿರಂಗಿಗಳನ್ನು ಎರಕ ಹೊಯ್ಯಿಸುವುದರಲ್ಲಿ ಹೆಸರಾದವನು. ಹಾಗಾಗಿ ಕಡಲಿಗೆ ಬಿದ್ದದ್ದು ಅಲ್ಲೇ ಉಳಿಯದೆಂಬುದು ಕವಿಗೆ ತಿಳಿದಿತ್ತು. ಮುಂದಿನ ಸರ್ಗವೊಂದರಲ್ಲಿ ಅದನ್ನು ಮತ್ತೆ ಮೇಲೆತ್ತಿದರೆಂದು ಅವನೇ ಹೇಳುತ್ತಾನೆ.

ಆಯುಧಗಳು ಸುಧಾರಿಸಿದಷ್ಟೂ ಕಲ್ಪಿತ ಲೋಕಗಳಲ್ಲಿ ಕತ್ತಿಯನ್ನು ಉಳಿಸಿಕೊಳ್ಳಲು ಕತೆಗಾರರು ಹುಡುಕಿದ ದಾರಿಗಳಿಗೆ ಐದು ಶತಮಾನಗಳ ಇತಿಹಾಸವಿದೆ. ಕತ್ತಿ ಹಿಡಿದ ಇಬ್ಬರು ಒಬ್ಬರ ಮುಖವನ್ನೊಬ್ಬರು ಕಾಣುವಷ್ಟು ಹತ್ತಿರ ನಿಲ್ಲಬೇಕಾಗುತ್ತದೆ. ಅಲ್ಲಿ ಮಾತಿಗೆ, ಅಳುಕಿಗೆ, ಕರುಣೆಗೆ ಎಡೆಯಿದೆ. ಕತೆಗೆ ಬೇಕಾದುದು ಈ ಹತ್ತಿರ ಎಂಬುದು ನನ್ನ ನಂಬಿಕೆ. ಎಸೆಯುವುದನ್ನು ಅಸ್ತ್ರವೆಂದೂ ಕೈಯಲ್ಲಿ ಹಿಡಿದೇ ಹೋರಾಡುವುದನ್ನು ಶಸ್ತ್ರವೆಂದೂ ಬೇರ್ಪಡಿಸಿದ ನಮ್ಮ ಪರಂಪರೆಗೂ ಇದು ತಿಳಿದ ವಿಷಯವೇ. ದಿವ್ಯಾಸ್ತ್ರಗಳು ಮೆರೆದ ಹದಿನೆಂಟು ದಿನಗಳ ಯುದ್ಧ ಕೊನೆಗೆ ಇತ್ಯರ್ಥವಾಗುವುದು ಇಬ್ಬರು ದಾಯಾದಿಗಳ ಗದೆಗಳಿಂದ, ಮತ್ತು ರನ್ನ ತನ್ನ ಕಾವ್ಯಕ್ಕೆ ಆರಿಸಿಕೊಂಡದ್ದು ಆ ಗದಾಯುದ್ಧವನ್ನೇ.

ಸ್ಪೇನಿನ ಕಾದಂಬರಿಕಾರ ಸೆರ್ವಾಂಟೆಸ್‌ಗೆ ಕೋವಿಯ ಪರಿಚಯ ಮೈಮೇಲೆಯೇ ಆಗಿತ್ತು; 1571ರ ಲೆಪಾಂಟೊ ನೌಕಾಯುದ್ಧದಲ್ಲಿ ಗುಂಡು ತಗುಲಿ ಅವನ ಎಡಗೈ ಊನವಾಯಿತು. 1605ರಲ್ಲಿ ಬಂದ ಅವನ ಕಾದಂಬರಿಯ ನಾಯಕ ಡಾನ್ ಕ್ವಿಕ್ಸೋಟ್, ಹೇಡಿಯ ಕೈಯೂ ವೀರನ ಜೀವ ತೆಗೆಯುವಂತೆ ಮಾಡಿದ ಫಿರಂಗಿಯನ್ನು ಕಂಡುಹಿಡಿದವನು ನರಕದಲ್ಲಿ ಫಲ ಉಣ್ಣುತ್ತಿರಬೇಕು ಎನ್ನುತ್ತಾನೆ. ಆದರೂ ಆ ಕಾಲದ ಬತ್ತಿಕೋವಿಗೆ ಮತ್ತೊಮ್ಮೆ ಮದ್ದುಗುಂಡು ತುಂಬಲು ಅರ್ಧ ನಿಮಿಷವಾದರೂ ಬೇಕಿತ್ತು, ಆ ಬಿಡುವಿನಲ್ಲಿ ಕತ್ತಿಗೆ ಕೆಲಸವಿತ್ತು. ಆ ಬಿಡುವನ್ನು ಅಳಿಸಿದ ರಿವಾಲ್ವರಿಗೆ ಸ್ಯಾಮ್ಯುಯೆಲ್ ಕೋಲ್ಟ್ ಅಮೆರಿಕದಲ್ಲಿ ಹಕ್ಕುಪತ್ರ ಪಡೆದದ್ದು 1836ರಲ್ಲಿ. ಎಂಟೇ ವರ್ಷಗಳ ಬಳಿಕ ಫ್ರಾನ್ಸಿನ ಅಲೆಕ್ಸಾಂಡರ್ ಡ್ಯೂಮಾ 'ತ್ರೀ ಮಸ್ಕಿಟಿಯರ್ಸ್' ಕಾದಂಬರಿಯಲ್ಲಿ ಕತೆಯನ್ನು ಎರಡು ಶತಮಾನ ಹಿಂದಕ್ಕೆ ಒಯ್ದ. ಮಸ್ಕೆಟ್ ಎಂಬ ಕೋವಿಯಿಂದಲೇ ಹೆಸರು ಪಡೆದ ಅವನ ಮೂವರು ಬಂಟರನ್ನು ಓದುಗರು ಇಂದಿಗೂ ನೆನೆಯುವುದು ಕತ್ತಿವರಸೆಗಾಗಿ.

ಹಿಂದಕ್ಕೆ ಹೋಗಲೊಲ್ಲದ ಲೇಖಕರು ಬೇರೆ ಉಪಾಯ ಹೂಡಬೇಕಾಯಿತು. 1912ರಲ್ಲಿ ಎಡ್ಗರ್ ರೈಸ್ ಬರೋಸ್ ಕಲ್ಪಿಸಿದ ಮಂಗಳ ಗ್ರಹದಲ್ಲಿ ರೇಡಿಯಂ ಕೋವಿಗಳೂ ಹಾರುವ ಹಡಗುಗಳೂ ಇವೆ. ಆದರೆ ಎದುರಾಳಿ ಹಿಡಿದದ್ದಕ್ಕಿಂತ ದೊಡ್ಡ ಆಯುಧವನ್ನು ಎತ್ತಬಾರದೆಂಬ ಕಟ್ಟಳೆ ಅಲ್ಲಿನ ಯೋಧರದು. ಪಾಶುಪತವನ್ನು ಅಲ್ಪರ ಮೇಲೆ ಪ್ರಯೋಗಿಸಕೂಡದೆಂದು ಶಿವ ಅರ್ಜುನನಿಗೆ ಎಚ್ಚರಿಸಿದ್ದನ್ನು ಬಲ್ಲ ನಮಗೆ ಇದು ಅಪರಿಚಿತವೆನಿಸದು. ಕಟ್ಟಳೆಯನ್ನು ಮುರಿಯುವವನೊಬ್ಬ ಬಂದರೆ ಮಾತ್ರ ಈ ಏರ್ಪಾಡು ಕುಸಿಯುತ್ತದೆ.

ಇವರೆಲ್ಲರಿಗಿಂತ ಗಟ್ಟಿಯಾದ ಕಾರಣವನ್ನು ಕಟ್ಟಿದವನು, 1965ರಲ್ಲಿ 'ಡ್ಯೂನ್' ಬರೆದ ಫ್ರ್ಯಾಂಕ್ ಹರ್ಬರ್ಟ್. ಅವನ ಲೋಕದಲ್ಲಿ ಸೊಂಟಕ್ಕೆ ಕಟ್ಟಿಕೊಂಡ ಯಂತ್ರ ಮೈಸುತ್ತ ಕಾಣದ ಗುರಾಣಿಯೊಂದನ್ನು ಹರಡುತ್ತದೆ. ವೇಗವಾಗಿ ಬರುವುದನ್ನೆಲ್ಲ ಅದು ತಡೆಯುತ್ತದೆ, ನಿಧಾನವಾಗಿ ಬಂದದ್ದನ್ನು ಒಳಗೆ ಬಿಡುತ್ತದೆ. ಗುಂಡು ವ್ಯರ್ಥ. ಲೇಸರ್ ಕಿರಣ ತಾಗಿದರೋ ಅಣುಬಾಂಬಿನಂಥ ಸ್ಫೋಟವಾಗಿ ಹೊಡೆದವನೂ ಉಳಿಯುವ ಖಾತರಿಯಿಲ್ಲ. ಆದ್ದರಿಂದ ಅಲ್ಲಿನ ಯೋಧ ರಭಸದಿಂದ ತಡೆದು, ಕೊನೆಯ ಇರಿತದಲ್ಲಿ ಮಾತ್ರ ಕೈಯನ್ನು ನಿಧಾನಗೊಳಿಸುವುದನ್ನು ಬಾಲ್ಯದಿಂದಲೇ ಕಲಿಯಬೇಕು. ತಂತ್ರಜ್ಞಾನ ಮುಂದುವರಿದದ್ದರಿಂದಲೇ ಅಲಗು ಮರಳಿತು ಎಂಬ ಈ ತರ್ಕವನ್ನು ನಾನು ಬಹಳ ಮೆಚ್ಚುತ್ತೇನೆ, ಏಕೆಂದರೆ ಹರ್ಬರ್ಟ್ ಅದರ ಪರಿಣಾಮಗಳನ್ನೂ ಕೊನೆತನಕ ಬೆನ್ನಟ್ಟುತ್ತಾನೆ. ಮರಳುಗಾಡಿನಲ್ಲಿ ಗುರಾಣಿ ಹೊತ್ತಿಸಿದರೆ ದೈತ್ಯ ಹುಳುಗಳು ಕೆರಳಿ ಬರುತ್ತವೆ. ಹಾಗಾಗಿ ಅಲ್ಲಿನ ಜನ ಗುರಾಣಿಯಿಲ್ಲದೆ ಕಾದಾಡುತ್ತಾರೆ, ಅವರ ಕಠಾರಿ ಅದೇ ಹುಳುವಿನ ಹಲ್ಲಿನಿಂದಾದದ್ದು. ನಗರಕ್ಕೆ ಗೋಡೆಯಾಗಿದ್ದ ಬೆಟ್ಟವನ್ನು ಅಣ್ವಸ್ತ್ರದಿಂದಲೇ ಒಡೆದು ಬಂದ ನಾಯಕ ಪಾಲ್, ಚಕ್ರವರ್ತಿಯ ಮುಂದೆ ಕೊನೆಯ ದ್ವಂದ್ವಕ್ಕೆ ಕಠಾರಿ ಹಿಡಿದು ನಿಲ್ಲುತ್ತಾನೆ.

1977ರ 'ಸ್ಟಾರ್ ವಾರ್ಸ್' ಚಿತ್ರದ ಬೆಳಕಿನ ಖಡ್ಗ ಇದಕ್ಕಿಂತ ಜನಪ್ರಿಯ, ಆದರೆ ಅದರ ಸಮರ್ಥನೆ ಆಯುಧದಲ್ಲಿಲ್ಲ, ಹಿಡಿದವನ ಅತೀಂದ್ರಿಯ ಶಕ್ತಿಯಲ್ಲಿದೆ.

ಈ ಯಾವ ರಕ್ಷಣೆಯನ್ನೂ ಕತ್ತಿಗೆ ಕೊಡದವನು ಜಪಾನಿನ ಚಿತ್ರನಿರ್ದೇಶಕ ಅಕಿರಾ ಕುರೊಸಾವಾ. ಜಪಾನಿಗೆ ಪೋರ್ಚುಗೀಸರೊಡನೆ ಬತ್ತಿಕೋವಿ ಬಂದದ್ದು 1543ರಲ್ಲಿ, ತನೆಗಾಶಿಮಾ ದ್ವೀಪಕ್ಕೆ. 1575ರ ನಾಗಾಶಿನೊ ಕದನದ ಹೊತ್ತಿಗೆ ಅದು ಸೈನ್ಯಗಳ ಅಂಗವಾಗಿತ್ತು. ಆ ಶತಮಾನದಲ್ಲೇ ನಡೆಯುವ, ಅವನ 1954ರ 'ಸೆವೆನ್ ಸಮುರಾಯ್' ಚಿತ್ರದಲ್ಲಿ ಹಳ್ಳಿಯ ಮೇಲೆ ಬೀಳುವ ದರೋಡೆಕೋರರ ಬಳಿ ಮೂರು ಕೋವಿಗಳಿವೆ. ಹಳ್ಳಿಯನ್ನು ಕಾಯಲು ಬಂದ ಏಳು ಸಮುರಾಯ್ ಯೋಧರಲ್ಲಿ, ಕತ್ತಿವಿದ್ಯೆಯನ್ನು ತಪಸ್ಸಿನಂತೆ ಸಾಧಿಸಿದ ಕ್ಯೂಜೊ ಒಂದು ರಾತ್ರಿ ಒಬ್ಬನೇ ಹೋಗಿ, ಅವುಗಳಲ್ಲೊಂದನ್ನು ಕಿತ್ತು ತಂದು, ಏನೂ ಆಗದವನಂತೆ ಮಲಗುತ್ತಾನೆ. ಕೊನೆಯ ದಿನ ಮಳೆಯಲ್ಲಿ, ಕೆಸರಿನಲ್ಲಿ, ಅವನೂ ಕೋವಿಯ ಗುಂಡೇಟಿಗೇ ಬೀಳುತ್ತಾನೆ. ಸತ್ತ ನಾಲ್ವರು ಸಮುರಾಯ್‌ಗಳಲ್ಲಿ ಒಬ್ಬನೂ ಕತ್ತಿಯಿಂದ ಸತ್ತವನಲ್ಲ. ಹಳ್ಳಿಯವರು ನಾಟಿ ಮಾಡುತ್ತ ಹಾಡುತ್ತಿರುವಾಗ, ಚಿತ್ರ ಮುಗಿಯುವುದು ಗುಡ್ಡದ ಮೇಲಿನ ಆ ನಾಲ್ಕು ಸಮಾಧಿಗಳನ್ನೂ ಅವುಗಳ ನೆತ್ತಿಯಲ್ಲಿ ನೆಟ್ಟ ಕತ್ತಿಗಳನ್ನೂ ತೋರಿಸಿ.