ಕಡಲಿಗೆ ಹೊರಟ ಕ್ಯಾಮೆರಾ: ಸೆನ್ಸರ್ ಆಮೇಲೆ, ಬಾಗಿಲು ಮೊದಲು

ಸಮುದ್ರಯಾನ ಮುಗಿಸಿ ಬಂದು ಸತ್ತ ಕ್ಯಾಮೆರಾವನ್ನು ಸರ್ವೀಸ್ ಬೆಂಚಿನ ಮೇಲೆ ಬಿಚ್ಚಿದರೆ ಒಳಗೆ ನೀರು ಕಾಣುವುದು ಅಪರೂಪ. ಕಾಣುವುದು ಹಸಿರು ಕಿಲುಬು. ಬ್ಯಾಟರಿ ಗೂಡಿನ ತಳದ ಪಿನ್ನುಗಳ ಬುಡದಲ್ಲಿ, ಯುಎಸ್‌ಬಿ ಕಿಂಡಿಯ ಹಿಂಬದಿಯಲ್ಲಿ, ಫ್ಲಾಶ್ ಸಿಕ್ಕಿಸುವ ಹಾಟ್ ಶೂ ಕೆಳಗಿನ ತೆಳ್ಳನೆ ಫ್ಲೆಕ್ಸ್ ಕೇಬಲ್ಲಿನ ತುದಿಯಲ್ಲಿ. ನೀರು ಎಂದೋ ಆರಿಹೋಗಿರುತ್ತದೆ, ಉಪ್ಪು ಉಳಿದಿರುತ್ತದೆ.

ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ಗಾಳಿಯ ತೇವಾಂಶ ಶೇ 75 ದಾಟಿದರೆ ಅಡುಗೆ ಉಪ್ಪು ತಾನೇ ನೀರೆಳೆದುಕೊಂಡು ಕರಗುತ್ತದೆ. ಕಡಲ ಉಪ್ಪಿನಲ್ಲಿ ಬೆರೆತಿರುವ ಮೆಗ್ನೀಸಿಯಂ ಕ್ಲೋರೈಡ್‌ಗಂತೂ ಶೇ 33ರ ಆಸುಪಾಸು ಸಾಕು. ಹಾಗಾಗಿ ಒಳಹೊಕ್ಕ ಒಂದು ಹನಿ ಆರಿದಂತೆ ಕಂಡರೂ ಹವೆ ತೇವವಾದಾಗಲೆಲ್ಲ ಮತ್ತೆ ಒದ್ದೆಯಾಗುತ್ತದೆ. ಪಕ್ಕದಲ್ಲೇ 7.2 ವೋಲ್ಟಿನ ಬ್ಯಾಟರಿ ಕೂತಿದೆ. ತೇವ, ಉಪ್ಪು, ವಿದ್ಯುತ್ ಮೂರೂ ಒಂದೆಡೆ ಸೇರಿದರೆ ತಾಮ್ರದ ಗೆರೆಗಳು ಸವೆಯಲು ತಡವಾಗುವುದಿಲ್ಲ. ಮಾರ್ಚಿನ ಬೆಂಗಳೂರಿನ ಒಣಹವೆಯಲ್ಲಿ ಏನೂ ಆಗದಂತೆ ನಡೆದ ಕ್ಯಾಮೆರಾ ಜೂನ್ ಮಳೆಗೆ ಕೈಕೊಡುವುದು ಇದಕ್ಕೇ. "ಊರಿಗೆ ಬಂದಮೇಲೂ ಚೆನ್ನಾಗೇ ಇತ್ತು" ಎನ್ನುವ ಗ್ರಾಹಕರು ಸುಳ್ಳು ಹೇಳುತ್ತಿರುವುದಿಲ್ಲ.

ಆದ್ದರಿಂದ ದೂರದ ಯಾನಕ್ಕೆ ಕ್ಯಾಮೆರಾ ಆರಿಸುವಾಗ ಮೆಗಾಪಿಕ್ಸೆಲ್‌ಗಿಂತ ಮೊದಲು ಕೇಳಬೇಕಾದ ಪ್ರಶ್ನೆ: ಹೊರಗೆ ಇದನ್ನು ಎಷ್ಟು ಸಲ ತೆರೆಯಬೇಕಾಗುತ್ತದೆ? ಲೆನ್ಸ್ ಬದಲಿಸಲು, ಬ್ಯಾಟರಿಗೆ, ಕಾರ್ಡಿಗೆ, ಚಾರ್ಜಿಗೆ. ಪ್ರತಿ ಸಲ ತೆರೆದಾಗಲೂ ಉಪ್ಪುಗಾಳಿಗೆ ನೀವೇ ದಾರಿ ಬಿಟ್ಟಂತೆ.

ಇನ್ನು 'ವೆದರ್ ಸೀಲ್ಡ್', ಅಂದರೆ ಮಳೆ-ಧೂಳು ಒಳಹೋಗದಂತೆ ಮುಚ್ಚಿದ್ದು ಎಂಬ ಮಾತು. ಜೊತೆಗೆ ಅಂಕಿ ಇಲ್ಲದಿದ್ದರೆ ಅದು ಅಳತೆಯಿಲ್ಲದ ಭರವಸೆ. ಓಎಂ ಸಿಸ್ಟಂ ಕಂಪನಿಯ ಓಎಂ-1, ಓಎಂ-5ರಂಥ ಕೆಲವೇ ಕ್ಯಾಮೆರಾಗಳಿಗೆ ಐಪಿ53 ಎಂಬ ಅಧಿಕೃತ ಅಂಕಿ ಇದೆ. ಇಲ್ಲಿ 5 ಧೂಳಿಗೆ ಸಂಬಂಧಿಸಿದ್ದು. 3 ಎಂದರೆ ನೆತ್ತಿಯಿಂದ 60 ಡಿಗ್ರಿವರೆಗೆ ಓರೆಯಾಗಿ ಬೀಳುವ ತುಂತುರನ್ನು ತಡೆಯುತ್ತದೆ ಎಂದರ್ಥ. ಈ ಪರೀಕ್ಷೆ ನಡೆಯುವುದು ಸಿಹಿನೀರಿನಲ್ಲಿ. ಡೆಕ್ಕಿನ ಮೇಲೆ ಅಲೆಯ ಸಿಡಿತ ಕೆಳಗಿನಿಂದಲೂ ಬರುತ್ತದೆ, ಉಪ್ಪನ್ನೂ ತರುತ್ತದೆ. ಆದರೂ ಅಂಕಿ ಇರುವುದು ಇಲ್ಲದಿರುವುದಕ್ಕಿಂತ ಮೇಲು. ನೀರು ಹೊಕ್ಕ ಕ್ಯಾಮೆರಾಕ್ಕೆ ವಾರಂಟಿ ಸಾಮಾನ್ಯವಾಗಿ ಸಿಗುವುದಿಲ್ಲ ಎನ್ನುವುದನ್ನು ಕೊಳ್ಳುವ ಮೊದಲೇ ಓದಿಕೊಂಡಿರಬೇಕು.

ಚೆನ್ನೈಯಿಂದ ಅಂಡಮಾನಿಗೆ ಮೂರು ದಿನದ ಹಡಗಾದರೆ ಇರುವ ಕ್ಯಾಮೆರಾಕ್ಕೇ ಒಂದು ಮಳೆಗವಸು ಹೊದಿಸಿ ಹೊರಡಬಹುದು. ಆದರೆ ನೌಕಾಪಡೆಯ ಇಬ್ಬರು ಮಹಿಳಾ ಅಧಿಕಾರಿಗಳು ತಾರಿಣಿ ದೋಣಿಯಲ್ಲಿ 2024ರ ಅಕ್ಟೋಬರ್ 2ರಂದು ಗೋವಾ ಬಿಟ್ಟು ಭೂಮಿ ಸುತ್ತಿ 2025ರ ಮೇ 29ಕ್ಕೆ ಮರಳಿದರಲ್ಲ, ಅಂಥ ಯಾನದಲ್ಲಿ ನಡುಗಡಲಲ್ಲಿ ಕೆಟ್ಟದ್ದು ಕೆಟ್ಟಂತೆಯೇ. ವ್ಯಾಪಾರಿ ಹಡಗಿನಲ್ಲಿ ತಿಂಗಳುಗಟ್ಟಲೆ ಇರುವವರ ಪಾಡೂ ಹೆಚ್ಚುಕಡಿಮೆ ಇದೇ. ಅವರಿಗೆ ಒಂದು ದುಬಾರಿ ಕ್ಯಾಮೆರಾಕ್ಕಿಂತ ಒಂದೇ ಬಗೆಯ ಬ್ಯಾಟರಿ, ಒಂದೇ ಬಗೆಯ ಮೌಂಟ್ (ಲೆನ್ಸ್ ಕೂರುವ ಬಳೆ) ಇರುವ ಎರಡು ಮಧ್ಯಮ ದರ್ಜೆಯ ಬಾಡಿಗಳು (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ವಾಸಿ. ಎರಡೂ ಬಾಡಿಗಳಿಗೆ ಕ್ಯಾಬಿನ್ನಿನಲ್ಲೇ ಒಂದೊಂದು ಲೆನ್ಸ್ ಹಾಕಿಟ್ಟರೆ ಹೊರಗೆ ಬದಲಿಸುವ ಕೆಲಸವೇ ಇರುವುದಿಲ್ಲ.

ಒಂದೇ ಬಾಡಿ ಒಯ್ಯುವವರಿಗೆ 24-105 ಅಥವಾ 24-120 ಎಂಎಂ ಎಫ್/4 ತರಹದ ಒಂದೇ ಝೂಮ್ ಲೆನ್ಸ್ ಸಾಕು. ಓಎಂ ಬಾಡಿಗಾದರೆ 12-100 ಎಂಎಂ ಎಫ್/4. ಹಕ್ಕಿ, ಡಾಲ್ಫಿನ್ ಎಂದು ಆಸೆಪಡುವವರಿಗೆ ಬದಲಿಸಲಾಗದ ಲೆನ್ಸಿನ ಸೋನಿ ಆರ್‌ಎಕ್ಸ್10 ಮಾರ್ಕ್ 4 ಇದೆ. 24ರಿಂದ 600 ಎಂಎಂವರೆಗೆ ಮೌಂಟ್ ಬಿಚ್ಚುವ ಮಾತೇ ಇಲ್ಲ. ಸೆನ್ಸರ್ ಒಂದು ಇಂಚಿನದು, ಮಾದರಿ 2017ರದು. ಆದರೂ ಕಡಲಿಗೆ ಇದು ಜಾಣ ಆಯ್ಕೆ. ಓಎಂ ಸಿಸ್ಟಂ ಟಿಜಿ-7 ಹೌಸಿಂಗ್ (ನೀರು ತಡೆಯುವ ಹೊರಗವಚ) ಇಲ್ಲದೆಯೇ 15 ಮೀಟರ್ ಆಳಕ್ಕೆ ಇಳಿಯುತ್ತದೆ, 2.1 ಮೀಟರ್ ಎತ್ತರದಿಂದ ಬಿದ್ದರೂ ತಡೆಯುತ್ತದೆ. ಆದರೆ ಪುಟ್ಟ ಸೆನ್ಸರಿನಿಂದಾಗಿ ಸಂಜೆಯ ನಂತರದ ಚಿತ್ರಗಳು ಕಾಳುಕಾಳಾಗುತ್ತವೆ. ನೇತ್ರಾಣಿಯಲ್ಲಿ ನೀರಿಗಿಳಿಯಲು ಸರಿ, ಇಡೀ ಯಾನಕ್ಕೆ ಅದೊಂದನ್ನೇ ನಂಬುವುದು ಬೇಡ.

ಅಂಗಡಿಯಲ್ಲಿ ಕೈಗೆ ಕೊಟ್ಟಾಗ ಲೆನ್ಸನ್ನು ತಿರುವಿ ಹಿಂಬದಿ ನೋಡಿ. ಲೋಹದ ಮೌಂಟಿನ ಸುತ್ತ ತೆಳ್ಳನೆಯ ರಬ್ಬರ್ ಬಳೆ ಇರಬೇಕು. ಕಿಟ್ ಲೆನ್ಸುಗಳಲ್ಲೂ ಅಗ್ಗದ 50 ಎಂಎಂಗಳಲ್ಲೂ ಅದು ಬಹುತೇಕ ಇರುವುದಿಲ್ಲ. ಆಗ ಬಾಡಿಯ ಸೀಲಿಂಗ್ ಇದ್ದೂ ಇಲ್ಲದಂತೆ. ಕೆಲವು ಲೆನ್ಸುಗಳಲ್ಲಿ ಮುಂದೆ ಫಿಲ್ಟರ್ ಹಾಕಿದರೆ ಮಾತ್ರ ಸೀಲಿಂಗ್ ಪೂರ್ತಿಯಾಗುತ್ತದೆ. ಕ್ಯಾನನ್ 17-40 ಎಂಎಂ ಎಫ್/4 ಹಾಗೆ. ಫ್ಯೂಜಿ ಎಕ್ಸ್100 ಸಾಲಿನ ಹೊಸ ಮಾದರಿಗಳಿಗೆ ಅಡಾಪ್ಟರ್ ಬಳೆಯೂ ಬೇಕು, ಫಿಲ್ಟರೂ ಬೇಕು. ಫಿಲ್ಟರ್ ಕೊಳ್ಳುವಾಗ ಹಿತ್ತಾಳೆ ಚೌಕಟ್ಟಿನದನ್ನು ಕೇಳಿ. ಅಲ್ಯೂಮಿನಿಯಂ ಉಪ್ಪಿಗೆ ಸಿಕ್ಕಿ ಕಚ್ಚಿಕೊಂಡರೆ ಬಿಡಿಸಲು ಗರಗಸ ಬೇಕಾಗುತ್ತದೆ. ಯಾವುದೇ ಆದರೂ ವಾರಕ್ಕೊಮ್ಮೆ ಸಡಿಲಿಸಿ ಮತ್ತೆ ಹಾಕಿ.

ಬ್ಯಾಟರಿ ಬಾಗಿಲಿನ ಅಂಚಿನ ಗ್ಯಾಸ್ಕೆಟನ್ನು (ನೀರು ತಡೆಯುವ ಪಟ್ಟಿ) ಉಗುರಿನಿಂದ ಮೆಲ್ಲಗೆ ಒತ್ತಿ ನೋಡಿ. ತುಟಿಯಂತೆ ಎದ್ದ ರಬ್ಬರ್ ಒಳ್ಳೆಯದು, ಚಪ್ಪಟೆ ಸ್ಪಂಜಿನ ಪಟ್ಟಿ ಬೇಗ ಕುಗ್ಗುತ್ತದೆ. ಬ್ಯಾಟರಿಯ ಗಾತ್ರವೂ ಇದಕ್ಕೇ ಮುಖ್ಯ. ಹಳೆಯ ಸೋನಿಗಳ ಎಫ್‌ಡಬ್ಲ್ಯು50 ಬ್ಯಾಟರಿಯ ಸಾಮರ್ಥ್ಯ 1020 ಎಂಎಎಚ್, ಈಗಿನ ಎಫ್‌ಝಡ್100ರದು 2280. ದೊಡ್ಡ ಬ್ಯಾಟರಿಯೆಂದರೆ ಬಾಗಿಲು ತೆರೆಯುವ ಸರದಿ ಅರ್ಧಕ್ಕಿಳಿದಂತೆ. ಎರಡು ಕಾರ್ಡ್ ಸ್ಲಾಟ್ ಇರುವ ಬಾಡಿಗೆ ದೊಡ್ಡ ಕಾರ್ಡುಗಳನ್ನೇ ಹಾಕಿ, ನಕಲು ಮಾಡುವ ಕೆಲಸವೂ ಕ್ಯಾಬಿನ್ನಿನಲ್ಲೇ ಆಗಲಿ.

ಯುಎಸ್‌ಬಿ ಕೇಬಲ್ ಸಿಕ್ಕಿಸಿ ನೇರವಾಗಿ ಕ್ಯಾಮೆರಾವನ್ನೇ ಚಾರ್ಜ್ ಮಾಡುವ ಅಭ್ಯಾಸ ಊರಿನಲ್ಲಿರಲಿ. ಕಡಲಲ್ಲಿ ಅದು ಕಿಂಡಿಯ ಮುಚ್ಚಳ ತೆಗೆದು, ಉಪ್ಪು ಕೂತ ಪಿನ್ನುಗಳಿಗೆ ಗಂಟೆಗಟ್ಟಲೆ ವಿದ್ಯುತ್ ಹರಿಸುವ ಕೆಲಸ. ಪ್ರತ್ಯೇಕ ಚಾರ್ಜರ್, ಮೂರು ಬ್ಯಾಟರಿ ಒಯ್ಯಿರಿ. ಹಾಯಿದೋಣಿಯಲ್ಲಿ 12 ವೋಲ್ಟಿನ ಸಾಕೆಟ್ ಮಾತ್ರ ಇದ್ದರೆ ಕಾರಿಗೆ ಹಾಕುವ ಯುಎಸ್‌ಬಿ ಅಡಾಪ್ಟರ್‌ನಿಂದಲೇ ಆ ಚಾರ್ಜರ್ ನಡೆಯಬೇಕು. ಕೊಳ್ಳುವಾಗಲೇ ಹಾಗೆ ನಡೆಸಿ ನೋಡಿ.

ಮಂಜು ಕಟ್ಟುವ ತೊಂದರೆ ಹಡಗು ಹತ್ತುವ ಮೊದಲೇ ಶುರು. ಮೆಜೆಸ್ಟಿಕ್‌ನಲ್ಲಿ ಎಸಿ ಬಸ್ ಹತ್ತಿ ಬೆಳಗಿನ ಜಾವ ಮಂಗಳೂರಿನಲ್ಲಿ ಇಳಿದವರ ಕ್ಯಾಮೆರಾ 22 ಡಿಗ್ರಿಯಷ್ಟು ತಣ್ಣಗಿರುತ್ತದೆ. ಹೊರಗೆ 28 ಡಿಗ್ರಿ, ತೇವಾಂಶ ಶೇ 85 ಇದ್ದರೆ 25 ಡಿಗ್ರಿಗಿಂತ ತಣ್ಣಗಿರುವ ಎಲ್ಲದರ ಮೇಲೂ ಇಬ್ಬನಿ ಕೂರುತ್ತದೆ. ಲೆನ್ಸಿನ ಹೊರಗೆ ಮಾತ್ರವಲ್ಲ, ಒಳಗೂ. ಎಸಿಯೊಳಗೇ ಜಿಪ್ ಚೀಲದಲ್ಲಿ ಗಾಳಿಯಾಡದಂತೆ ಮುಚ್ಚಿ, ಹೊರಬಂದ ಮೇಲೆ ಅರ್ಧದಿಂದ ಮುಕ್ಕಾಲು ಗಂಟೆ ಹಾಗೇ ಬಿಡಿ. ಹಡಗಿನ ಕ್ಯಾಬಿನ್ನಿನಿಂದ ಡೆಕ್ಕಿಗೆ ಬರುವಾಗಲೂ ಇದೇ ಕ್ರಮ.

ದಿನದ ಕೊನೆಗೆ ಕುಡಿಯುವ ನೀರಿನಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿದ ಬಟ್ಟೆಯಿಂದ ಬಾಡಿಯನ್ನು ಒರೆಸಿ, ನಂತರ ಒಣಬಟ್ಟೆಯಿಂದ. ಅಲ್ಲಿಯವರೆಗೆ ಯಾವ ಬಾಗಿಲನ್ನೂ ತೆರೆಯಬೇಡಿ. ಲೆನ್ಸಿಗೆ ಮೊದಲು ಗಾಳಿ ಊದುವ ಬ್ಲೋವರ್. ಉಪ್ಪು ಗಾಜಿಗಿಂತ ಮೆದು, ಗೀರುವುದು ಅದರ ಜೊತೆ ಬಂದ ಮರಳು. ರಾತ್ರಿ ಗಾಳಿಯಾಡದ ಡಬ್ಬಿ, ತೇವ ಹೀರುವ ಕಿತ್ತಳೆ ಬಣ್ಣದ ಸಿಲಿಕಾ ಜೆಲ್, ಒಂದು ಪುಟ್ಟ ತೇವಮಾಪಕ. ಎಸ್.ಪಿ. ರಸ್ತೆಯಲ್ಲಿ ಹುಡುಕಿದರೆ ಮೂರಕ್ಕೂ ಹೆಚ್ಚು ಖರ್ಚಿಲ್ಲ. ತೇವಾಂಶ ಶೇ 40ರಿಂದ 50ರ ನಡುವೆ ಇದ್ದರೆ ಫಂಗಸ್ಸಿಗೆ ಅವಕಾಶವಿಲ್ಲ. ತೀರಾ ಒಣಗಿಸಿದರೆ ರಬ್ಬರಿಗೆ ಒಳ್ಳೆಯದಲ್ಲ. ಬಣ್ಣ ಬದಲಾದ ಜೆಲ್ಲನ್ನು ಹಡಗಿನ ಅಡುಗೆಮನೆಯ ಓವನ್ನಿನಲ್ಲಿ 110-120 ಡಿಗ್ರಿಗೆ ಎರಡು ಗಂಟೆ ಇಟ್ಟು ಮತ್ತೆ ಬಳಸಬಹುದು.

ಹಾಗಿದ್ದೂ ಕ್ಯಾಮೆರಾ ಸಮುದ್ರಕ್ಕೆ ಬಿದ್ದರೆ ಆನ್ ಮಾಡಿ ನೋಡುವ ಚಪಲ ಬೇಡ. ತಕ್ಷಣ ಬ್ಯಾಟರಿ ತೆಗೆಯಿರಿ, ಕಾರ್ಡ್ ತೆಗೆದು ಸಿಹಿನೀರಿನಲ್ಲಿ ತೊಳೆದು ಒಣಗಿಸಿ. ಚಿತ್ರಗಳು ಬಹುತೇಕ ಉಳಿಯುತ್ತವೆ. ಕ್ಯಾಮೆರಾ ಉಳಿಯುವ ಆಸೆ ಕಡಿಮೆ. ಅಕ್ಕಿ ಡಬ್ಬಿಯಲ್ಲಿ ಹೂತಿಡುವುದರಿಂದ ಏನೂ ಆಗದು. ಅಕ್ಕಿ ಉಪ್ಪನ್ನು ತೆಗೆಯುವುದಿಲ್ಲ, ತನ್ನ ಹಿಟ್ಟನ್ನು ಬೇರೆ ಒಳಗೆ ಬಿಡುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಶಟರ್ ಎಣಿಕೆಗೇ ಜೋತುಬೀಳುತ್ತಾರೆ. ಕಲ್ಯಾಣಮಂಟಪಗಳಲ್ಲಿ ಲಕ್ಷ ಕ್ಲಿಕ್ ಹೊಡೆದ ಬಾಡಿ, ಕರಾವಳಿಯಲ್ಲಿ ಐದು ಸಾವಿರವಷ್ಟೇ ಹೊಡೆದು ಬೀರು ಸೇರಿದ್ದ ಬಾಡಿಗಿಂತ ಎಷ್ಟೋ ವಾಸಿ. ಹಾಟ್ ಶೂ ಹಳಿಯ ಅಡಿ, ತಳದ ಸ್ಕ್ರೂ ತಲೆಗಳು, ಬ್ಯಾಟರಿ ಪಿನ್ನುಗಳು: ಈ ಮೂರರಲ್ಲಿ ಎಲ್ಲಿಯಾದರೂ ತುಕ್ಕು, ಹಸಿರು, ಬಿಳಿ ಪುಡಿ ಕಂಡರೆ ಬೆಲೆ ಕೇಳದೆ ಎದ್ದುಬನ್ನಿ. ಲೆನ್ಸಿನ ಹಿಂದಿನಿಂದ ಟಾರ್ಚ್ ಬಿಟ್ಟು ಓರೆಯಾಗಿ ನೋಡಿದರೆ ಜೇಡರಬಲೆಯಂಥ ಫಂಗಸ್ ಇದ್ದಲ್ಲಿ ಕಾಣುತ್ತದೆ.

ಯಾನ ಮುಗಿಸಿ ಬಂದಮೇಲೆ ಸರ್ವೀಸಿಗೆ ಕೊಡುವಾಗ ಬರೀ ಕ್ಲೀನಿಂಗ್ ಎಂದು ಬರೆಸಬೇಡಿ. ಸಮುದ್ರಕ್ಕೆ ಹೋಗಿತ್ತು, ತಳದ ಪ್ಲೇಟ್ ತೆಗೆದು ನೋಡಿ ಎಂದು ಬರೆಸಿ. ಬಿಚ್ಚಿದ ಕಡೆಯ ಅಂಟುಪಟ್ಟಿ ಮತ್ತೆ ಮೊದಲಿನಂತೆ ಕೂರುವುದಿಲ್ಲ, ಹಳೆಯದನ್ನೇ ಒತ್ತಿ ಮುಚ್ಚಿದರೆ ಸೀಲಿಂಗ್ ಹೋದಂತೆಯೇ. ಟಿಜಿ-7ರಂಥವುಗಳ ಬಾಗಿಲ ಗ್ಯಾಸ್ಕೆಟ್ ಕೂಡ ಕುಕ್ಕರಿನ ರಬ್ಬರಿನಂತೆ ವರ್ಷಕ್ಕೊಮ್ಮೆ ಬದಲಿಸುವ ವಸ್ತು. ಹೊಸ ಪಟ್ಟಿ, ಹೊಸ ಗ್ಯಾಸ್ಕೆಟ್ ಹಾಕಿದ್ದು ಬಿಲ್ಲಿನಲ್ಲಿ ಬೇರೆಯಾಗಿ ನಮೂದಾಗಿದೆಯೇ ಎಂದು ಕೌಂಟರಿನಲ್ಲೇ ನೋಡಿಕೊಳ್ಳಿ.